ಕೊಬ್ಬು ಹೀರುವ ನಳಿಕೆಯ ಕಥೆ

ನಮ್ಮ ಹಿರಿಯರು ಒಬ್ಬನನ್ನು ನೋಡಿ "ಮೈಕೈ ತುಂಬಿಕೊಂಡು ಚೆನ್ನಾಗಿದ್ದಾನೆ" ಎಂದರೆ ಅದು ಮೆಚ್ಚಿಕೆ; "ಕೊಬ್ಬಿದ್ದಾನೆ" ಎಂದರೆ ಬೈಗುಳ. ಎರಡೂ ಒಂದೇ ಪದಾರ್ಥವನ್ನು ಕುರಿತ ಮಾತುಗಳೇ. ಆಯುರ್ವೇದವೂ ಮೇದಸ್ಸನ್ನು ಸಪ್ತಧಾತುಗಳಲ್ಲಿ ಒಂದೆಂದು ಎಣಿಸಿ ಗೌರವಿಸಿತು, ಅತಿಸ್ಥೂಲತೆಯನ್ನು ನಿಂದಿಸಿತು. ಆದರೆ ಈ ಮೇದಸ್ಸನ್ನು ಚರ್ಮದ ಅಡಿಯಿಂದ ನಳಿಕೆಯ ಮೂಲಕ ಹೊರಕ್ಕೆ ಹೀರಿ ತೆಗೆಯಬಹುದು, ಅದೂ ರೋಗಕ್ಕಾಗಿ ಅಲ್ಲ, ಅಂದಕ್ಕಾಗಿ, ಎಂಬ ಯೋಚನೆ ತೀರ ಈಚಿನದು. ಲೈಪೋಸಕ್ಷನ್ ಎಂಬ ಹೆಸರನ್ನು ನೀವು ಜಾಹೀರಾತುಗಳಲ್ಲಿ ಕಂಡಿರಬಹುದು. ಅದು ಬಂದ ದಾರಿಯನ್ನು ಸ್ವಲ್ಪ ಹಿಂದಿನಿಂದ ನೋಡೋಣ.

ಕಥೆ ಪ್ಯಾರಿಸ್ ನಗರದಲ್ಲಿ ಒಂದು ದುರಂತದಿಂದ ಮೊದಲಾಗುತ್ತದೆ. 1920ರ ದಶಕದಲ್ಲಿ ಒಬ್ಬ ತರುಣಿ ತನ್ನ ಕಾಲುಗಳು ದಪ್ಪವೆಂದು ಕೊರಗಿ ದುಜಾರಿಯೆ ಎಂಬ ಶಸ್ತ್ರವೈದ್ಯರ ಬಳಿಗೆ ಹೋದಳು. ಆಕೆಗೆ ಕಾಯಿಲೆ ಏನೂ ಇರಲಿಲ್ಲ. ವೈದ್ಯರು ಕಾಲಿನ ಕೊಬ್ಬನ್ನು ತೆಗೆಯಲು ಶಸ್ತ್ರಕ್ರಿಯೆ ಮಾಡಿದರು, ಕಾಲು ಕೊಳೆಯತೊಡಗಿತು, ಕಡೆಗೆ ಅದನ್ನು ಕತ್ತರಿಸಲೇಬೇಕಾಯಿತು. ಮೊಕದ್ದಮೆ ನ್ಯಾಯಾಲಯಕ್ಕೆ ಹೋಯಿತು. 1929ರಲ್ಲಿ ನ್ಯಾಯಾಧೀಶರು ಎರಡು ಲಕ್ಷ ಫ್ರಾಂಕುಗಳ ಪರಿಹಾರವನ್ನು ವಿಧಿಸಿ, ಆರೋಗ್ಯವಾದ ಅಂಗದ ಮೇಲೆ ಬರಿಯ ಅಂದಕ್ಕಾಗಿ ಅಪಾಯದ ಶಸ್ತ್ರಕ್ರಿಯೆ ನಡೆಸಿದ್ದೇ ತಪ್ಪು ಎಂದು ಹೇಳಿದರು. 1931ರಲ್ಲಿ ಮೇಲಿನ ನ್ಯಾಯಾಲಯ ಅಷ್ಟು ದೂರ ಹೋಗಲಿಲ್ಲ. ಅಂದಕ್ಕಾಗಿ ಮಾಡುವುದು ತಾನಾಗಿಯೇ ತಪ್ಪಲ್ಲ. ಆದರೆ ಅಪಾಯವೇನೆಂದು ಆಕೆಗೆ ಮೊದಲೇ ತಿಳಿಸಬೇಕಾಗಿತ್ತು, ಎಂದಿತು. ಮೊದಲನೆಯ ತೀರ್ಪು ಉಳಿದಿದ್ದರೆ ಸೌಂದರ್ಯದ ಶಸ್ತ್ರವೈದ್ಯವೇ ಅಲ್ಲಿಗೆ ನಿಂತುಹೋಗುತ್ತಿತ್ತೋ ಏನೋ. ನನಗಂತೂ ಎರಡನೆಯದೇ ಹೆಚ್ಚು ವಿವೇಕದ್ದೆಂದು ತೋರುತ್ತದೆ.

ಅಲ್ಲಿಂದ ಮುಂದೆ ಬಹುಕಾಲ ಚರ್ಮವನ್ನೂ ಕೊಬ್ಬನ್ನೂ ಒಟ್ಟಿಗೆ ಕತ್ತರಿಸಿ ಹೊಲಿಯುವುದೇ ವಾಡಿಕೆಯಾಗಿತ್ತು. ಕೊಬ್ಬು ಹೋದರೂ ಉದ್ದನೆಯ ಗಾಯದ ಗುರುತು ಉಳಿಯುತ್ತಿತ್ತು. 1970ರ ದಶಕದ ನಡುವೆ ರೋಮಿನಲ್ಲಿ ಅರ್ಪಾಡ್ ಫಿಷರ್ ಮತ್ತು ಅವರ ಮಗ ಜಾರ್ಜಿಯೋ ಫಿಷರ್ ಸಣ್ಣ ರಂಧ್ರದೊಳಗೆ ಟೊಳ್ಳು ನಳಿಕೆಯನ್ನು ತೂರಿಸಿ ಹೀರುವ ಉಪಾಯ ಮಾಡಿದರು. ಆದರೆ ಅದರೊಳಗೊಂದು ಅಲಗು ತಿರುಗುತ್ತಿತ್ತು. ಅಲಗಿಗೆ ಕೊಬ್ಬು ಯಾವುದು, ರಕ್ತನಾಳ ಯಾವುದು ಎಂಬ ವಿವೇಚನೆ ಎಲ್ಲಿಂದ ಬರಬೇಕು?

ಅಲಗನ್ನು ಬಿಟ್ಟುಕೊಟ್ಟವರು ಪ್ಯಾರಿಸ್ಸಿನ ಈವ್ ಜೆರಾರ್ ಇಲ್ಲೂಜ್. 1977ರಲ್ಲಿ ಒಬ್ಬ ತರುಣ ನಟಿ ಬೆನ್ನಿನ ಮೇಲಿನ ಕೊಬ್ಬಿನ ಗಡ್ಡೆಯನ್ನು ಗಾಯದ ಗುರುತು ಉಳಿಯದಂತೆ ತೆಗೆಯಬೇಕೆಂದು ಕೇಳಿದಳು. ಇಲ್ಲೂಜರು ಮೊಂಡುತುದಿಯ ನಳಿಕೆಯೊಂದನ್ನು ಚಿಕ್ಕ ರಂಧ್ರದಿಂದ ಒಳಗಿಳಿಸಿ, ಹೀರುಯಂತ್ರಕ್ಕೆ ಜೋಡಿಸಿ ಗಡ್ಡೆಯನ್ನು ಎಳೆದು ತೆಗೆದರು. ಇದರ ಮರ್ಮ ತಿಳಿಯಬೇಕಾದರೆ ಹಲಸಿನ ಹಣ್ಣನ್ನು ನೆನೆಸಿಕೊಳ್ಳಿ. ತೊಳೆಗಳು ಮೆತ್ತಗೆ, ನಡುನಡುವೆ ಗಟ್ಟಿಯಾದ ನಾರು. ನಮ್ಮ ಚರ್ಮದ ಅಡಿಯ ಕೊಬ್ಬೂ ಹೆಚ್ಚುಕಡಿಮೆ ಹಾಗೆಯೇ. ನಾರಿನ ಎಳೆಗಳ ನಡುವೆ ರಕ್ತನಾಳ, ನರಗಳು ಹಾದುಹೋಗುತ್ತವೆ. ಮೊಂಡು ನಳಿಕೆಗೆ ಮೆತ್ತನೆಯ ಕೊಬ್ಬು ಕಿತ್ತುಬರುತ್ತದೆ, ನಾರೂ ನಾಳಗಳೂ ಬಹುಮಟ್ಟಿಗೆ ಪಕ್ಕಕ್ಕೆ ಸರಿದು ಉಳಿದುಕೊಳ್ಳುತ್ತವೆ. ಒಳಗೆ ಸುರಂಗಗಳ ಸಾಲು ಉಂಟಾಗಿ, ಮೇಲಿನ ಚರ್ಮ ಅದರ ಮೇಲೆ ಕುಳಿತುಕೊಳ್ಳುತ್ತದೆ. ಹಳೆಯ ವೈದ್ಯರು ಮೊದಲು ಮೂಗು ಮುರಿದರಾದರೂ, 1982ರ ಹೊತ್ತಿಗೆ ಅಮೆರಿಕದ ಶಸ್ತ್ರವೈದ್ಯರೇ ನೋಡಿಕೊಂಡು ಹೋಗಲು ಪ್ಯಾರಿಸ್ಸಿಗೆ ಬಂದರು.

ಉಳಿದ ತೊಡಕು ರಕ್ತದ್ದು. ಒಣ ವಿಧಾನದಲ್ಲಿ ಹೀರಿದ್ದರಲ್ಲಿ ನೂರಕ್ಕೆ 20ರಿಂದ 45 ಪಾಲು ರಕ್ತವೇ ಇರುತ್ತಿತ್ತು. ಕ್ಯಾಲಿಫೋರ್ನಿಯದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದ ವಿಧಾನ ಇದನ್ನು ಬದಲಿಸಿತು. ಬಹಳ ತೆಳುಮಾಡಿದ ಲಿಡೋಕೇನ್ ಅರಿವಳಿಕೆಯನ್ನೂ, ರಕ್ತನಾಳಗಳನ್ನು ಕುಗ್ಗಿಸುವ ಅಡ್ರಿನಲಿನನ್ನೂ ಉಪ್ಪುನೀರಿನಲ್ಲಿ ಬೆರೆಸಿ, ಆ ಭಾಗ ಬಿಗಿದು ಉಬ್ಬುವಷ್ಟು ತುಂಬಿಸುವುದು, ಆಮೇಲೆ ಹೀರುವುದು. ರಕ್ತದ ಪಾಲು ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ರೋಗಿ (ರೋಗಿ ಎನ್ನಬಹುದಾದರೆ!) ಎಚ್ಚರವಾಗಿಯೇ ಇರಬಹುದಾಯಿತು.

ಸುಲಭವಾಯಿತೆಂದ ಮಾತ್ರಕ್ಕೆ ನಿರಪಾಯವಾಯಿತೆಂದಲ್ಲ. 1994ರಿಂದ 1998ರವರೆಗಿನ ಸುಮಾರು ಐದು ಲಕ್ಷ ಶಸ್ತ್ರಕ್ರಿಯೆಗಳ ಬಗ್ಗೆ ಅಮೆರಿಕದ ಪ್ಲಾಸ್ಟಿಕ್ ಶಸ್ತ್ರವೈದ್ಯರನ್ನು ವಿಚಾರಿಸಿ 2000ದಲ್ಲಿ ಪ್ರಕಟವಾದ ವರದಿಯಲ್ಲಿ 95 ಸಾವುಗಳ ಲೆಕ್ಕವಿದೆ, ಅಂದರೆ ಲಕ್ಷಕ್ಕೆ ಸುಮಾರು 19. ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡದ್ದೇ ಮುಖ್ಯ ಕಾರಣ. ನಮ್ಮ ಬೆಂಗಳೂರಿನಲ್ಲೇ 2022ರ ಮೇ ತಿಂಗಳಲ್ಲಿ, ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬಳು ತೀರಿಕೊಂಡ ಸುದ್ದಿಯನ್ನು ನೀವು ಓದಿ ಮರುಗಿದ್ದೀರಿ.

ಇನ್ನೊಂದು ಪ್ರಶ್ನೆ: ಕೊಬ್ಬು ಹೋದರೆ ಆರೋಗ್ಯ ಬರುತ್ತದೆಯೆ? 2004ರಲ್ಲಿ ಸೇಂಟ್ ಲೂಯಿಸ್ ನಗರದ ಸ್ಯಾಮ್ಯುಯಲ್ ಕ್ಲೈನ್ (ಇವರು ಬೇರೆ ಕ್ಲೈನ್) 15 ಮಂದಿ ಸ್ಥೂಲ ಸ್ತ್ರೀಯರ ಹೊಟ್ಟೆಯ ಮೇಲಿಂದ ತಲಾ ಸುಮಾರು ಹತ್ತು ಕಿಲೋ ಕೊಬ್ಬನ್ನು ತೆಗೆಸಿ, ಹತ್ತು ಹನ್ನೆರಡು ವಾರಗಳ ಮೇಲೆ ಪರೀಕ್ಷಿಸಿದರು. ರಕ್ತದೊತ್ತಡ ಇಳಿದಿರಲಿಲ್ಲ, ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸಮಾಡುತ್ತಿರಲಿಲ್ಲ, ರಕ್ತದ ಕೊಬ್ಬಿನಂಶವೂ ಬದಲಾಗಿರಲಿಲ್ಲ. ಪಥ್ಯದಿಂದ ತೂಕ ಇಳಿದರೆ ದೇಹದಲ್ಲೆಲ್ಲ ಕೊಬ್ಬಿನ ಕಣಗಳು ಕುಗ್ಗುತ್ತವೆ, ಕರುಳಿನ ಸುತ್ತಲಿನ ಕೊಬ್ಬೂ ಕರಗುತ್ತದೆ. ನಳಿಕೆ ಮುಟ್ಟುವುದು ಚರ್ಮದ ಅಡಿಯದನ್ನು ಮಾತ್ರ.

ತೆಗೆದದ್ದು ತೆಗೆದಂತೆ ಉಳಿಯುತ್ತದೆಯೆ ಎಂಬುದನ್ನು ಕೊಲರಾಡೊ ವಿಶ್ವವಿದ್ಯಾನಿಲಯದವರು ನೋಡಿದರು; ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 14 ಸ್ತ್ರೀಯರಿಗೆ ಶಸ್ತ್ರಕ್ರಿಯೆ, 18 ಮಂದಿ ಹೋಲಿಕೆಗಾಗಿ ಹಾಗೆಯೇ. ಒಂದು ವರ್ಷದೊಳಗೆ ಕೊಬ್ಬು ಮರಳಿ ಬಂದಿತ್ತು. ತೊಡೆಗೆ ಅಲ್ಲ, ಹೆಚ್ಚಾಗಿ ಹೊಟ್ಟೆಗೆ. ಹೋಲಿಕೆಗಾಗಿ ಕಾದಿದ್ದವರಿಗೆ ಈ ಸಂಗತಿಯನ್ನೆಲ್ಲ ತಿಳಿಸಿ, ಬೇಕಾದರೆ ಈಗ ಕಡಿಮೆ ಬೆಲೆಯಲ್ಲಿ ಮಾಡಿಸಿಕೊಳ್ಳಬಹುದು ಎಂದರು. ಅರ್ಧಕ್ಕಿಂತ ಹೆಚ್ಚು ಮಂದಿ ಮಾಡಿಸಿಕೊಂಡರು.