ಅಪಸ್ಮಾರ ಚಿಕಿತ್ಸೆಯಲ್ಲಿ ದಾದಿಯ ಬೋಧನೆ

ನಮ್ಮ ನಾಡಿನ ವೈದ್ಯಚರಿತ್ರೆಯನ್ನು ಬರೆಯುವವರು ಆಸ್ಪತ್ರೆಗಳನ್ನೂ ಔಷಧಗಳನ್ನೂ ಎಣಿಸುವರು. ರೋಗಿಯ ಮನೆಯ ಕಟ್ಟೆಯ ಮೇಲೆ ಕುಳಿತು ತಿಳಿಯಹೇಳಿದ ದಾದಿಯನ್ನು ನೆನೆಯುವುದು ವಿರಳ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಧಾರವಾಡದ ಮಾನಸಿಕ ಆಸ್ಪತ್ರೆಯಾದರೋ 1845ರಷ್ಟು ಹಳೆಯದು. ಆದರೆ ಅಪಸ್ಮಾರದ ರೋಗಿಗೆ ಬೇಕಾದುದು ವರ್ಷಗಟ್ಟಲೆ ತಪ್ಪದೆ ನಡೆಯುವ ಗುಳಿಗೆಯ ವ್ರತ. ದೂರದ ಆಸ್ಪತ್ರೆಗೆ ಒಂದು ದಿನ ಹೋಗಿಬಂದ ಮಾತ್ರಕ್ಕೆ ಅದು ಕೈಗೂಡತಕ್ಕದ್ದಲ್ಲ.

1975ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಸಮುದಾಯ ಮನೋವೈದ್ಯ ಘಟಕವನ್ನು ಸ್ಥಾಪಿಸಿತು. ಸಕಲವಾರದ ಕೇಂದ್ರದಲ್ಲಿ ಗ್ರಾಮಾಂತರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಶಿಕ್ಷಣವೀಯತೊಡಗಿತು. ಮರುದಶಕದಲ್ಲಿ ಬಳ್ಳಾರಿ ಜಿಲ್ಲೆಯೇ ಈ ಪ್ರಯೋಗದ ಕ್ಷೇತ್ರವಾಯಿತು. ಎರಡೆಡೆಯೂ ಮನೋರೋಗಗಳ ಜೊತೆಗೆ ಅಪಸ್ಮಾರವೂ ಪಾಠದಲ್ಲಿ ಸೇರಿತ್ತು. ಪಾಠ ಸರಳವಾದುದು: ಬಿದ್ದವನನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಿಗೆ ಏನನ್ನೂ ತುರುಕಬಾರದು, ಕೈಗೆ ಕಬ್ಬಿಣ ಕೊಡುವುದರಿಂದಾಗಲಿ, ಉಳ್ಳಾಗಡ್ಡಿ ಮೂಸಿಸುವುದರಿಂದಾಗಲಿ ಸೆಳೆತ ನಿಲ್ಲದು, ಬಾವಿಗೂ ಕೆರೆಗೂ ಒಬ್ಬರೇ ಹೋಗಬಾರದು, ಮೂರ್ಛೆ ನಿಂತಿತೆಂದು ಗುಳಿಗೆ ಬಿಡಬಾರದು. ಈ ಕೊನೆಯ ಮಾತನ್ನು ಒಪ್ಪಿಸುವುದೇ ಕಷ್ಟವಾದುದು. ಗುಣವಾದ ಮೇಲೆ ಔಷಧವೇಕೆಂಬ ಪ್ರಶ್ನೆಯೂ ಅಸಹಜವಾದುದಲ್ಲವಷ್ಟೆ.

ಕನ್ನಡ ನಾಡಿಗೆ ಇನ್ನೊಂದು ವಿಶೇಷವುಂಟು. ಬಿಸಿನೀರನ್ನು ತಲೆಯ ಮೇಲೆ ಸುರಿದುಕೊಳ್ಳುವಾಗಲೇ ಬರುವ ಅಪಸ್ಮಾರವನ್ನು ಡಾ. ಕೆ. ಎಸ್. ಮಣಿಯವರು 1960ರ ದಶಕದಿಂದ ವರದಿ ಮಾಡಿದರು, 1988ರಲ್ಲಿ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂತಹ 279 ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಹಂಡೆಯ ಸುಡುನೀರನ್ನು ತಂಬಿಗೆಯಲ್ಲಿ ಎಡೆಬಿಡದೆ ಹೊಯ್ದುಕೊಳ್ಳುವ ನಮ್ಮ ಪದ್ಧತಿಯನ್ನು ಬಲ್ಲವರಿಗೆ ಇದರ ವಿವರಣೆ ಬೇಕಿಲ್ಲ. ಇಲ್ಲಿ ನೀರಿನ ಬಿಸಿಯನ್ನು ತಗ್ಗಿಸಿರೆಂಬ ಮಾತೇ ಅರ್ಧ ಚಿಕಿತ್ಸೆ. ಅದನ್ನು ಬಚ್ಚಲಮನೆಯವರೆಗೆ ಮುಟ್ಟಿಸಬಲ್ಲವಳು ಮನೆಮನೆಗೆ ಹೋಗುವ ಹೆಣ್ಣುಮಗಳೇ ಹೊರತು ತಜ್ಞನಲ್ಲ.

ಆದರೆ ಈ ಬೋಧನೆಗೆ ಕಾನೂನೇ ಅಡ್ಡಬಂದುದನ್ನು ನಾವು ಮರೆಯಲಾಗದು. ಸಕಲವಾರದ ಕೆಲಸವು ಮೊದಲಾಗುತ್ತಿದ್ದ ಕಾಲಕ್ಕೇ, 1976ರ ತಿದ್ದುಪಡಿಯು, ಮರಳಿ ಮರಳಿ ಅಪಸ್ಮಾರಕ್ಕೆ ಒಳಗಾದವರು ಹಿಂದೂ ವಿವಾಹಕ್ಕೆ ಅರ್ಹರಲ್ಲವೆಂದು ಸಾರಿತು. ಅಂತಹ ಮದುವೆಯನ್ನು ನ್ಯಾಯಾಲಯವು ರದ್ದುಪಡಿಸಬಹುದಾಗಿತ್ತು. ದಿನವೂ ತಪ್ಪದೆ ಗುಳಿಗೆ ನುಂಗೆಂದು ದಾದಿ ಹೇಳಬೇಕು. ಗುಳಿಗೆ ಅತ್ತೆಯ ಕಣ್ಣಿಗೆ ಬಿದ್ದರೆ ಸೊಸೆಯ ಬಾಳೇ ಮುರಿಯಬಹುದು. ಹೀಗಿರಲು ಮದುವೆಯಾದ ಹುಡುಗಿ ಔಷಧವನ್ನು ಬಿಟ್ಟಳೆಂದರೆ ಅದನ್ನು ಅಜ್ಞಾನವೆನ್ನುವುದು ನಮಗೆ ಸರಿತೋರದು. 1999ರಲ್ಲಿ ಆ ಪದವನ್ನು ಕಾನೂನಿನಿಂದ ತೆಗೆದುಹಾಕಲಾಯಿತು. ಹೆಣ್ಣು ನೋಡಲು ಬಂದವರು ಆ ಪ್ರಶ್ನೆ ಕೇಳುವುದನ್ನು ಬಿಟ್ಟಿಲ್ಲ.