ಆನವಟ್ಟಿಯಿಂದ ಕಡಲಿಗಿದ್ದ ದಾರಿ

ಸೊರಬ ತಾಲ್ಲೂಕಿನ ಆನವಟ್ಟಿ ಸೀಮೆಯ ವರದಾ ನದಿ ಘಟ್ಟದ ನೆತ್ತಿಗೆ ಹತ್ತಿರದ ವರದಾಮೂಲದಲ್ಲಿ ಹುಟ್ಟಿದರೂ, ಪಡುವಣ ಕಡಲಿಗೆ ಬೆನ್ನು ಹಾಕಿ ಬನವಾಸಿಯನ್ನು ಬಳಸಿಕೊಂಡು ಮೂಡಲಿಗೆ ಸಾಗಿ ತುಂಗಭದ್ರೆಯನ್ನು ಸೇರುತ್ತದೆ. ಹೀಗಾಗಿ ಇಲ್ಲಿಯವರಿಗೆ ಕರಾವಳಿಯ ನಂಟು ಬೆಳೆದದ್ದು ಹೊಳೆಯ ನೀರಿನಿಂದಲ್ಲ, ಬನವಾಸಿ, ಶಿರಸಿಗಳನ್ನು ಹಾದು ಘಟ್ಟ ಇಳಿಯುವ ದಾರಿಯಿಂದ. ಹೇರೆತ್ತುಗಳು, ಎಂದರೆ ಬೆನ್ನಿನ ಎರಡೂ ಮಗ್ಗುಲಿಗೆ ಚೀಲ ಹೊತ್ತು ಸಾಲಾಗಿ ನಡೆಯುವ ಎತ್ತುಗಳು, ಮೇಲಿನಿಂದ ಅಕ್ಕಿ, ಅಡಿಕೆ, ಮೆಣಸನ್ನು ಇಳಿಸಿ, ಕೆಳಗಿನಿಂದ ಉಪ್ಪು ಮತ್ತು ತೆಂಗಿನಕಾಯಿಗಳನ್ನು ಹತ್ತಿಸುತ್ತಿದ್ದವು.

ಈ ದಾರಿಯಲ್ಲಿ ಸರಕಷ್ಟೇ ಓಡಾಡಲಿಲ್ಲ. ಆನವಟ್ಟಿಗೆ ಅಂಟಿಕೊಂಡಂತಿರುವ ಕುಬಟೂರು ಶಾಸನಗಳ ಕುಪ್ಪಟೂರು. ಅದು ಅಗ್ರಹಾರ, ಅಂದರೆ ವಿದ್ವಾಂಸ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ಊರು. ಬನವಾಸಿಯ ಕದಂಬ ಅರಸ ಕೀರ್ತಿದೇವನ ರಾಣಿ ಮಾಳಲದೇವಿ 1077ರ ಸುಮಾರಿಗೆ ಇಲ್ಲಿ ಪಾರ್ಶ್ವನಾಥನ ಬಸದಿಯ ಪ್ರತಿಷ್ಠೆ ನೆರವೇರಿಸಿದಾಗ, ಅಗ್ರಹಾರದ ಬ್ರಾಹ್ಮಣರನ್ನು ಪೂಜಿಸಿ, ಅವರಿಂದಲೇ ಆ ಬಸದಿಗೆ 'ಬ್ರಹ್ಮಜಿನಾಲಯ' ಎಂಬ ಹೆಸರನ್ನು ಇಡಿಸಿದಳು. ಬನವಾಸಿಯ ಮಧುಕೇಶ್ವರನ ಆಚಾರ್ಯರೂ ಆ ಕಾರ್ಯಕ್ಕೆ ಬಂದವರಲ್ಲಿ ಸೇರಿದ್ದರು. ಜಿನಾಲಯವೊಂದಕ್ಕೆ ಶಿವನ ಅರ್ಚಕರು ನೆರೆಯೂರಿನಿಂದ ಅತಿಥಿಗಳಾಗಿ ಬಂದ ಈ ಸಂಗತಿ, ಈ ಸೀಮೆಯ ಇತಿಹಾಸದಲ್ಲಿ ಯಾವ ಯುದ್ಧಕ್ಕಿಂತಲೂ ಹೆಚ್ಚು ನೆನೆಯತಕ್ಕದ್ದು. ಅದೇ ಊರಿನ ಕೋಟೀಶ್ವರ, ಇಂದಿನ ಕೈಟಭೇಶ್ವರ ದೇಗುಲದ ತೆರೆದ ಮಂಟಪದಲ್ಲಿ ಸಾಣೆಯ ಮೇಲೆ ತಿರುಗಿಸಿ ಕಡೆದ ಕಂಬಗಳಿದ್ದು, ಬಳೆ ಪೇರಿಸಿದಂತೆ ಏಳುವ ಅವುಗಳ ಉಂಗುರಗಳ ಅಂಚು ಇಂದಿಗೂ ಬೆರಳಿಗೆ ತಾಗುವಷ್ಟು ಚೂಪಾಗಿದೆ.

ಪರದೇಶದ ಪ್ರವಾಸಿಗರೂ ಈ ಬಗೆಯ ಘಟ್ಟದ ದಾರಿಗಳನ್ನು ಹಿಡಿದಿದ್ದಾರೆ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಇಕ್ಕೇರಿಗೆ ಬಂದು, ಮರಳಿ ಕರಾವಳಿಗಿಳಿದು ಮಂಗಳೂರಿನತ್ತ ನಿಧಾನವಾಗಿ ಸಾಗಿದನು. ಟಿಪ್ಪುವಿನ ಪತನದ ತರುವಾಯ ಕಂಪನಿ ಸರ್ಕಾರ ಕಳುಹಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಕರಾವಳಿಯಿಂದ ಮೇಲೇರಿ ಸೋಂದೆ, ಶಿರಸಿ, ಬನವಾಸಿ, ಚಂದ್ರಗುತ್ತಿಗಳನ್ನು ಹಾದುಹೋಗುತ್ತ, ಗದ್ದೆ ತೋಟಗಳ ಬೇಸಾಯವನ್ನು ರೈತರಿಂದಲೇ ಕೇಳಿ ಬರೆದುಕೊಂಡನು.

ಆದರೆ ಅವನು ಬರುವ ಹೊತ್ತಿಗೆ ಈ ದಾರಿಗೆ ಅಡ್ಡಲಾಗಿ ಗಡಿಯೊಂದು ಬಿದ್ದಾಗಿತ್ತು. ಟಿಪ್ಪುವಿನ ರಾಜ್ಯದ 1799ರ ಹಂಚಿಕೆಯಲ್ಲಿ ಆನವಟ್ಟಿ ಮೈಸೂರಿನ ಒಡೆಯರಿಗೂ, ಬನವಾಸಿ ಕಂಪನಿಯ ಕೆನರಾ ಜಿಲ್ಲೆಗೂ ಸೇರಿದವು. 1862ರಲ್ಲಿ ಕೆನರಾದ ಉತ್ತರ ಭಾಗ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಧಾರವಾಡದ ಹತ್ತಿ ಕುಮಟಾ ಬಂದರಿಗೆ ಗಾಡಿಗಳಲ್ಲಿ ಇಳಿಯತೊಡಗಿದ ಆ ಕಾಲದಲ್ಲಿ, ಮಾಳಲದೇವಿಯ ಅತಿಥಿಗಳು ನಡೆದುಬಂದ ಅಷ್ಟೇ ದೂರಕ್ಕೆ ಎರಡು ಸರ್ಕಾರಗಳ ನೆಲವನ್ನು ತುಳಿಯಬೇಕಿತ್ತು. 1956ರ ನವೆಂಬರ್ 1ರಂದು ಕುಬಟೂರೂ ಬನವಾಸಿಯೂ ಮತ್ತೆ ಒಂದೇ ರಾಜ್ಯದ ಊರುಗಳಾದವು.