ರಾಕೋಟ್ಸಿ ಮಾರ್ಚ್: ಒಂದು ಐತಿಹಾಸಿಕ ಪರಿಶೀಲನೆ

ಫ್ರಾನ್ಸಿನ ಸಂಗೀತಕಾರ ಹೆಕ್ಟರ್ ಬೆರ್ಲಿಯೋಜನು ೧೮೪೬ರ ಫೆಬ್ರವರಿ ೧೫ರಂದು, ಇಂದಿನ ಬುಡಾಪೆಸ್ಟಿನ ಭಾಗವಾದ ಪೆಷ್ಟ್ ನಗರದಲ್ಲಿ, ರಾಕೋಟ್ಸಿ ಮಾರ್ಚ್ ಎಂಬ ಕೃತಿಯನ್ನು ಮೊದಲ ಬಾರಿಗೆ ನುಡಿಸಿದನು. ಸಂಗೀತಜ್ಞರು ಇದರಲ್ಲಿ ವಾದ್ಯವೃಂದದ ನೈಪುಣ್ಯವನ್ನು ಕಾಣುತ್ತಾರೆ. ನಾವು ಇದನ್ನು ಇತಿಹಾಸದ ಆಧಾರವೆಂದು ಪರಿಶೀಲಿಸಬಯಸುತ್ತೇವೆ.

ಹಬ್ಸ್‌ಬರ್ಗ್ ಪ್ರಭುತ್ವದ ವಿರುದ್ಧ ೧೭೦೩ರಿಂದ ೧೭೧೧ರವರೆಗೆ ಹಂಗೇರಿಯಲ್ಲಿ ನಡೆದ ದಂಗೆಯ ನಾಯಕ ಎರಡನೆಯ ಫೆರೆಂಟ್ಸ್ ರಾಕೋಟ್ಸಿ. ಅವನು ೧೭೩೫ರಲ್ಲಿ ತುರ್ಕರ ನಾಡಿನಲ್ಲಿ ದೇಶಭ್ರಷ್ಟನಾಗಿಯೇ ಮಡಿದನು. ಅವನ ನೆನಪಿನ ಹಳೆಯ ಹಾಡೊಂದು ೧೯ನೆಯ ಶತಮಾನದ ಆದಿಯಲ್ಲಿ, ಸೈನ್ಯಕ್ಕೆ ಜನರನ್ನು ಸೇರಿಸಿಕೊಳ್ಳುವಾಗ ನುಡಿಸುತ್ತಿದ್ದ 'ವೆರ್ಬುಂಕೋಶ್' ಕುಣಿತದ ಶೈಲಿಯಲ್ಲಿ, ಪಡೆಯ ನಡಿಗೆಗೆ ಒಪ್ಪುವ ಮಟ್ಟಾಗಿ ಮಾರ್ಪಟ್ಟಿತು. ಇದರ ಕೀರ್ತಿಯನ್ನು ಯಾನೋಶ್ ಬಿಹಾರಿ ಎಂಬ ರೋಮಾ ಪಿಟೀಲುವಾದಕನಿಗೆ ಸಲ್ಲಿಸುವುದು ವಾಡಿಕೆ. ಹಂಗೇರಿಯ ರಾಷ್ಟ್ರಗೌರವದ ಈ ಮಟ್ಟು ಸಮಾಜದ ಅಂಚಿನಲ್ಲಿದ್ದ ಜನಾಂಗದ ಕೈಯಲ್ಲಿ ಪಳಗಿತೆಂಬುದು ಗಮನಾರ್ಹ.

ಪೆಷ್ಟಿನ ಪ್ರಸಂಗಕ್ಕೆ ಮುಖ್ಯ ಸಾಕ್ಷಿ ಬೆರ್ಲಿಯೋಜನ ಆತ್ಮಕಥೆಯೇ. ವಿಯೆನ್ನಾದಿಂದ ಹೊರಡುವ ಹಿಂದಿನ ರಾತ್ರಿ ಇದನ್ನು ಬರೆದೆನೆನ್ನುತ್ತಾನೆ. ಸ್ವಂತ ಯಶಸ್ಸಿನ ವರ್ಣನೆಯಲ್ಲಿ ಅವನೇನೂ ಕೃಪಣನಲ್ಲ! ಕೃತಿಯು ಮೆಲುದನಿಯಲ್ಲಿ ಆರಂಭವಾಗುವುದನ್ನು ಕಂಡು ಅಲ್ಲಿಯ ಪತ್ರಿಕಾಸಂಪಾದಕನೊಬ್ಬನು ಕಳವಳಗೊಂಡನಂತೆ. ಜನರಿಗೆ ಅದನ್ನು ಅಬ್ಬರದಿಂದಲೇ ಕೇಳಿ ಅಭ್ಯಾಸ. ತುತೂರಿಯ ಕರೆಯಾದ ಮೇಲೆ ಕೊಳಲು, ಕ್ಲಾರಿನೆಟ್‌ಗಳು ಮಟ್ಟನ್ನೆತ್ತಿಕೊಂಡವು. ತಂತಿವಾದ್ಯಗಳು ಕಮಾನನ್ನು ಬಿಟ್ಟು ಬೆರಳಿನ ಮೀಟಿನಿಂದ ಜೊತೆಗೂಡಿದವು. ಸಭೆ ನಿಶ್ಶಬ್ದವಾಗಿತ್ತು. ಅನಂತರ ದೀರ್ಘವಾದ ಏರಿಕೆ, ನಡುನಡುವೆ ದೂರದ ಫಿರಂಗಿಯಂತೆ ದೊಡ್ಡ ನಗಾರಿಯ ಪೆಟ್ಟು. ಸಭಿಕರ ಕೂಗಿನಲ್ಲಿ ಕೊನೆಯ ಭಾಗ ಕೇಳಿಸಲೇ ಇಲ್ಲ, ಮತ್ತೊಮ್ಮೆ ನುಡಿಸಬೇಕಾಯಿತು.

ವರ್ಣನೆಯಲ್ಲಿ ಬಣ್ಣವಿದ್ದರೂ ಕೂಗಿಗೆ ಕಾರಣಗಳಿದ್ದವು. ಹಂಗೇರಿಯನ್ ಭಾಷೆ ಲ್ಯಾಟಿನ್ನಿನ ಸ್ಥಾನದಲ್ಲಿ ರಾಜ್ಯಭಾಷೆಯಾದುದು ೧೮೪೪ರಲ್ಲಷ್ಟೇ. ಮುದ್ರಿತ ಮಾತಿನ ಮೇಲೆ ಸರ್ಕಾರದ ಕಣ್ಣಿತ್ತು. ಮಾತಿಲ್ಲದ ವಾದ್ಯಕ್ಕೆ ಕತ್ತರಿಯಾಡಿಸುವುದು ಸುಲಭವಲ್ಲ. ಇದೇ ಮಟ್ಟನ್ನು ಪಿಯಾನೋದಲ್ಲಿ ನುಡಿಸಿ ಫ್ರಾಂಜ್ ಲಿಸ್ಟನು ೧೮೪೦ರಲ್ಲಿಯೇ ಪೆಷ್ಟಿನ ಜನರನ್ನು ಹುರಿದುಂಬಿಸಿದ್ದನು. ಆದುದರಿಂದ ಬೆರ್ಲಿಯೋಜನಿಗೆ ದೊರೆತುದು ಹದವಾದ ನೆಲ. ೧೮೪೮ರ ಮಾರ್ಚ್ ೧೫ರ ಪೆಷ್ಟಿನ ಕ್ರಾಂತಿಗೆ ಆ ಸಂಜೆಯೇ ಕಾರಣವೆಂಬುದು ಅತಿಶಯೋಕ್ತಿ. ಬರಲಿದ್ದುದರ ಲಕ್ಷಣವೆನ್ನುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಈ ಮಾರ್ಚನ್ನು ಬಿಡಲಾರದೆ ಬೆರ್ಲಿಯೋಜನು 'ಫೌಸ್ಟನ ಅಧೋಗತಿ' ಎಂಬ ತನ್ನ ಕೃತಿಯಲ್ಲಿ ಕಥಾನಾಯಕನನ್ನೇ ಹಂಗೇರಿಯ ಬಯಲಿಗೆ ಕರೆತಂದನು. ಅದೇ ವರ್ಷದ ಡಿಸೆಂಬರ್ ೬ರಂದು ಪ್ಯಾರಿಸ್ಸಿನಲ್ಲಿ ಅದು ಮೊದಲು ಪ್ರಯೋಗವಾದಾಗ ಸಭಾಂಗಣ ಅರೆಬರಿದಾಗಿತ್ತು.